ಬಿಚ್ಚಬೇಕಾದ ಗಂಟು, ಬಿಚ್ಚಬಾರದ ಗಂಟು

ನಮ್ಮ ಸೀಮೆಯಲ್ಲಿ ಮದುವೆಯಾದ ಹೆಣ್ಣುಮಗಳು ತವರನ್ನು ಬಿಟ್ಟು ಗಂಡನ ಮನೆಗೆ ಹೊರಡುವಾಗ ತಾಯಿಯಾದವಳು ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿಗಳನ್ನು ತುಂಬುವ ಪದ್ಧತಿಯುಂಟಷ್ಟೆ. ಆ ಮಡಿಲಕ್ಕಿಯನ್ನು ಗಂಟು ಕಟ್ಟಿಕೊಂಡು ಅವಳು ಹೊಸ ಮನೆಯ ಹೊಸ್ತಿಲನ್ನು ದಾಟುತ್ತಾಳೆ. ಅದಕ್ಕೂ ಮೊದಲು ಅವಳ ಸೆರಗಿಗೂ ವರನ ವಸ್ತ್ರಕ್ಕೂ ಹಿರಿಯರು ಇನ್ನೊಂದು ಗಂಟನ್ನು ಹಾಕಿರುತ್ತಾರೆ. ಹೀಗೆ ಸಂಸಾರವೆಂಬುದು ಎರಡು ಗಂಟುಗಳಿಂದ ಪ್ರಾರಂಭವಾಗುತ್ತದೆ. ಒಂದು ಅಕ್ಕಿಯ ಗಂಟು, ಮತ್ತೊಂದು ಬಾಳಿನ ಗಂಟು. ಅಕ್ಕಿಯ ಗಂಟನ್ನು ಮನೆಯವರ ಎದುರಿನಲ್ಲಿ ಬಿಚ್ಚಬೇಕು. ಬಾಳಿನ ಗಂಟಾದರೋ, ಬಟ್ಟೆಯ ತುದಿಗಳನ್ನು ಆಮೇಲೆ ಬಿಡಿಸಿದರೂ, ಮನಸ್ಸಿನಲ್ಲಿ ಎಂದೆಂದಿಗೂ ಬಿಚ್ಚಬಾರದು.

ಆದರೆ ಇಂದಿನ ದಿವಸಗಳಲ್ಲಿ ನಾವು ಕಾಣುತ್ತಿರುವುದು ಇದಕ್ಕೆ ವಿಪರೀತವಾಗಿದೆ. ಗಂಡನು ತನ್ನ ಗಳಿಕೆಯ ಗಂಟನ್ನು ಬಿಗಿಯಾಗಿ ಕಟ್ಟಿ ಬಚ್ಚಿಡುತ್ತಾನೆ. ಹೆಂಡತಿಯು ತನ್ನದನ್ನು ಇನ್ನೂ ಬಿಗಿಯಾಗಿ ಕಟ್ಟುತ್ತಾಳೆ. ಅಷ್ಟರಲ್ಲಿ ಹಿರಿಯರು ಹಾಕಿದ ಆ ಇನ್ನೊಂದು ಗಂಟು ತನ್ನಷ್ಟಕ್ಕೆ ತಾನೇ ಸಡಿಲವಾಗುತ್ತಿರುವುದು ಇಬ್ಬರಿಗೂ ತಿಳಿಯುವುದಿಲ್ಲ. ಈ ವಿಚಾರವನ್ನು ಇಂದು ನಿಮ್ಮ ಮುಂದೆ ಬಿನ್ನವಿಸಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿ, ಅನಂತರ ಶರಣರ ಮಾತಿಗೆ ಬರುತ್ತೇವೆ.

ಕೆಲವು ಕಾಲದ ಹಿಂದೆ ಕಾರ್ತಿಕಮಾಸದ ಒಂದು ಸೋಮವಾರ ನಾವು ಯಡಿಯೂರಿನಲ್ಲಿದ್ದೆವು. ಕುಣಿಗಲ್ ತಾಲ್ಲೂಕಿನ ಈ ಕ್ಷೇತ್ರವು ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಪುಣ್ಯಸ್ಥಳವೆಂಬುದು ಸರ್ವವಿದಿತವಾಗಿದೆ. ಅದೇ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸನ್ನಾಚರಿಸಿದುದರಿಂದಲೇ ಆ ಯತಿವರ್ಯರಿಗೆ ‘ತೋಂಟದ’ ಎಂಬ ಹೆಸರು ನಿಂತಿತು. ಗದ್ದುಗೆಯ ದರ್ಶನ ಮಾಡಿಕೊಂಡು ಹೊರಗೆ ಕುಳಿತಿದ್ದಾಗ ಎರಡು ಕುಟುಂಬಗಳವರು ಒಟ್ಟಿಗೆ ಬಂದು ಶರಣಾರ್ಥಿ ಮಾಡಿದರು. ಒಂದು ಕುಟುಂಬ ಗುಬ್ಬಿಯ ಕಡೆಯದು, ಅಡಿಕೆ ತೋಟದವರು. ಇನ್ನೊಂದು ಕುಣಿಗಲಿನ ಹತ್ತಿರದ್ದು, ರಾಗಿಯ ಹೊಲದವರು. ಅವರ ನಡುವೆ ಒಬ್ಬ ಯುವಕನೂ ಒಬ್ಬ ಯುವತಿಯೂ ಇದ್ದರು. ಮದುವೆಯಾಗಿ ಮೂರು ವರ್ಷ. ಹೆಸರುಗಳು ಬೇಡ, ನಿಮ್ಮ ಬೀದಿಯಲ್ಲಿಯೂ ಅಂಥವರು ಇದ್ದಾರೆ.

ಅವರ ವಾಸ ತುಮಕೂರು ನಗರದ ಒಂದು ಬಾಡಿಗೆಯ ಮನೆಯಲ್ಲಿ. ಯುವಕನಿಗೆ ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಉದ್ಯೋಗ. ಬೆಳಕು ಹರಿಯುವುದಕ್ಕೆ ಮುಂಚೆ ಎದ್ದು, ಲಿಂಗಪೂಜೆಯನ್ನು ಮುಗಿಸಿ, ರೈಲಿಗೆ ಓಡುತ್ತಾನೆ. 70 ಕಿಲೋಮೀಟರ್ ಹೋಗಬೇಕು, ಸಂಜೆ ಅಷ್ಟೇ ದೂರ ಬರಬೇಕು. ಯುವತಿಯು ತುಮಕೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಇಬ್ಬರೂ ಕಾಯಕ ಮಾಡುವವರು, ಇಬ್ಬರೂ ಲಿಂಗಧಾರಿಗಳು, ಇಬ್ಬರಲ್ಲಿಯೂ ದುರ್ವ್ಯಸನವೆಂಬುದಿಲ್ಲ. ಹೀಗಿದ್ದರೂ ಆಕೆಯು ತವರಿಗೆ ಹೋಗಿ ಎರಡು ತಿಂಗಳಾಗಿತ್ತು.

ಹುಡುಗನ ತಂದೆ ಕೈಮುಗಿದು, “ಬುದ್ಧಿ, ನಮ್ಮ ಸೊಸೆಗೆ ತಾವೊಂದು ಮಾತು ಹೇಳಬೇಕು,” ಎಂದರು.

ಇಲ್ಲಿ ನಾವು ನಮ್ಮದೇ ಆದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಇಂಥ ಸಂದರ್ಭಗಳಲ್ಲಿ ನಾವು ಅನೇಕ ವರ್ಷಗಳಿಂದ ಹೇಳುತ್ತ ಬಂದುದು ಒಂದೇ ಮಾತು: “ಹೊಂದಿಕೊಂಡು ಹೋಗು ತಾಯಿ.” ಆ ಮಾತನ್ನು ಹೆಣ್ಣುಮಗಳಿಗೇ ಹೇಳುತ್ತಿದ್ದೆವು. ಅದರಿಂದ ಅಂದಿನ ಜಗಳ ನಿಲ್ಲುತ್ತಿತ್ತು, ಹಿರಿಯರಿಗೆ ಸಮಾಧಾನವಾಗುತ್ತಿತ್ತು, ನಮಗೂ ಕೆಲಸ ಮುಗಿದಂತಾಗುತ್ತಿತ್ತು. ಆದರೆ ಆ ಹೆಣ್ಣುಮಗಳು ಏನು ಹೇಳಬೇಕೆಂದು ಬಂದಿದ್ದಳೋ ಅದು ಅವಳ ಗಂಟಲಿನಲ್ಲಿಯೇ ಉಳಿದುಹೋಗುತ್ತಿತ್ತು. ಅಂದೂ ಅದೇ ಮಾತು ನಾಲಗೆಯ ತುದಿಗೆ ಬಂದಿತು. ಎದುರಿಗೇ ಗದ್ದುಗೆಯಿತ್ತು, ಏಕೋ ಆ ಮಾತು ಹೊರಡಲಿಲ್ಲ. “ನೀನು ಮೊದಲು ಹೇಳು ತಾಯಿ, ನಡೆದುದೇನು?” ಎಂದು ಕೇಳಿದೆವು.

ಆಕೆ ತಲೆಯೆತ್ತದೆ ಹೇಳಿದಳು: “ಬುದ್ಧಿ, ಇವರು ಎರಡು ಲಕ್ಷ ಸಾಲ ಮಾಡಿದ್ದಾರೆ. ಸಾಲ ಮಾಡಿದ್ದಕ್ಕೆ ನನಗೆ ಕೋಪವಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕಂತು ಕಟ್ಟಿರೆಂದು ಇವರ ಫೋನಿಗೆ ಬಂದ ಸಂದೇಶವನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು. ಅವತ್ತು, ಈ ಮನೆಯಲ್ಲಿ ನಾನೂ ಒಬ್ಬ ಬಾಡಿಗೆಯವಳು ಎನ್ನಿಸಿತು.”

ಯುವಕನ ಕಡೆಗೆ ನೋಡಿದೆವು. ಆತ ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: “ಬುದ್ಧಿ, ಇವಳ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದರು. ಅಲ್ಲಿಂದ ಬಂದ ರಾತ್ರಿ ಇವಳು ಒಂದು ಮಾತೂ ಆಡಲಿಲ್ಲ. ನಮಗೂ ಒಂದು ಸ್ವಂತ ಜಾಗ ಇಲ್ಲವಲ್ಲ ಎಂದು ನೊಂದುಕೊಂಡಳೆಂದು ನಾನು ತಿಳಿದೆ. ಅದಕ್ಕೇ ಒಂದು ನಿವೇಶನಕ್ಕೆ ಮುಂಗಡ ಕೊಟ್ಟೆ. ಆಮೇಲೆ ಹೇಳಿ ಸಂತೋಷಪಡಿಸೋಣ ಎಂದುಕೊಂಡೆ.”

ಆಕೆ ಬೆರಗಾಗಿ ಅವನನ್ನು ನೋಡಿ, “ಅವತ್ತು ನನಗೆ ತಲೆನೋವಿತ್ತು,” ಎಂದಳು.

ಶರಣಬಂಧುಗಳೇ, ಎರಡು ಲಕ್ಷ ರೂಪಾಯಿಗಳ ಸಾಲವು ಒಂದು ರಾತ್ರಿಯ ತಲೆನೋವಿನ ಮೇಲೆ ನಿಂತಿತ್ತು! ಒಂದು ಮಾತನ್ನು ಕೇಳಿದ್ದರೆ, ಒಂದು ಮಾತನ್ನು ಹೇಳಿದ್ದರೆ, ಅದು ಹುಟ್ಟುತ್ತಲೇ ಇರಲಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಆಕೆಯೂ ತನ್ನ ಸಂಬಳದಲ್ಲಿ ತಿಂಗಳಿಗೆ ಮೂರು ಸಾವಿರದಂತೆ ಒಂದು ಚೀಟಿಗೆ ಕಟ್ಟುತ್ತಿದ್ದಳು. ಅದು ಅವಳ ತಮ್ಮನ ಕಾಲೇಜಿನ ಶುಲ್ಕಕ್ಕೆ. ತವರಿನ ಬಡತನವನ್ನು ಗಂಡನ ಮನೆಯವರು ಆಡಿಕೊಂಡಾರೆಂಬ ಅಂಜಿಕೆಯಿಂದ ಅದನ್ನು ಅವಳು ಹೇಳಿರಲಿಲ್ಲ. ಸಾಲದ ಕಂತು, ಚೀಟಿಯ ಕಂತು ಎರಡೂ ಒಂದೇ ವಾರದಲ್ಲಿ ಬಂದು ನಿಂತಾಗ ಎರಡು ಗುಟ್ಟುಗಳೂ ಬಯಲಾದವು. ‘ನೀನು ಬಚ್ಚಿಟ್ಟೆ’, ‘ನೀವು ಬಚ್ಚಿಟ್ಟಿರಿ’ ಎಂಬ ಮಾತುಗಳಾದವು. ಅವನು ಸಾಲ ಮಾಡಿದ್ದು ಅವಳ ಸಂತೋಷಕ್ಕೆ. ಅವಳು ಮುಚ್ಚಿಟ್ಟದ್ದು ಅವನ ಮುಂದೆ ತನ್ನ ತವರಿನ ಮಾನ ಉಳಿಯಲೆಂದು. ಎರಡರಲ್ಲಿಯೂ ಕೇಡಿನ ಬುದ್ಧಿ ಇರಲಿಲ್ಲ. ಆದರೂ ಮನೆ ಒಡೆಯುವಷ್ಟು ಆಯಿತು. ಕೆಟ್ಟ ಮನಸ್ಸಿನಿಂದ ಒಡೆಯುವ ಮನೆಗಳು ಕೆಲವು. ಒಳ್ಳೆಯ ಮನಸ್ಸನ್ನು ಮುಚ್ಚಿಟ್ಟುಕೊಂಡು ಒಡೆಯುವ ಮನೆಗಳು ಹಲವು.

ಆಗ ನಾವು ಅವರಿಗೆ ಹೇಳಿದುದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು. ಅದು ನಿಮಗೆಲ್ಲರಿಗೂ ತಿಳಿದುದೇ. ಆದರೂ ತಿಳಿದ ಕಥೆಯನ್ನೇ ಮತ್ತೊಮ್ಮೆ ನಿಧಾನವಾಗಿ ನೋಡಬೇಕಾದ ಕಾಲ ಇದಾಗಿದೆ.

ಈ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. 12ನೆಯ ಶತಮಾನದಲ್ಲಿ ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದರಿಂದ ಪ್ರಸಾದವನ್ನು ಮಾಡಿ ಜಂಗಮಕ್ಕೆ ನೀಡುವುದು ಇಬ್ಬರ ನೇಮ. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚಾದ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಈ ಹೆಚ್ಚಿನದು ನಮ್ಮ ಕಾಯಕಕ್ಕೆ ಸಲ್ಲದ್ದು, ಇದು ಆಸೆಯ ಗುರುತು, ತಂದಲ್ಲಿಯೇ ಸುರಿದು ಬರಬೇಕೆಂದು ತಿಳಿಸಿದಳು. ಮಾರಯ್ಯನು ಹಾಗೆಯೇ ಮಾಡಿದನು. ಇದು ಕಥೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಲಕ್ಕಮ್ಮನ ನಿರಾಶೆಯ ಗುಣವನ್ನು ಹೊಗಳಿ ಮುಗಿಸುತ್ತಾರೆ. ಅದು ಹೊಗಳತಕ್ಕದ್ದೇ ಸರಿ. ಆದರೆ ಗೃಹಸ್ಥರಾದ ನೀವು ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಮಾರಯ್ಯನು ಆ ಅಕ್ಕಿಯನ್ನು ಮನೆಗೆ ತಂದು ಅವಳ ಮುಂದೆ ಇಟ್ಟನು. ಅದನ್ನು ಬೇರೆಡೆ ಬಚ್ಚಿಟ್ಟಿದ್ದರೆ ಲಕ್ಕಮ್ಮನು ಏನನ್ನು ತಿದ್ದುತ್ತಿದ್ದಳು? ಅವಳ ತಿಳಿವಳಿಕೆ ಎಷ್ಟೇ ದೊಡ್ಡದಾಗಿದ್ದರೂ ಕಾಣದ ಗಂಟಿನ ಮೇಲೆ ಅದು ಕೆಲಸ ಮಾಡಲಾರದು. ತಪ್ಪಿನ ಗಂಟನ್ನೂ ಮಡದಿಯ ಮುಂದೆ ಬಿಚ್ಚಿದನಲ್ಲ, ಅಲ್ಲಿಯೇ ಅರ್ಧ ಪರಿಹಾರವಾಯಿತು. ಮಾರಯ್ಯನು ಹೆಚ್ಚು ತಂದುದು ಒಂದು ಕ್ಷಣದ ಮೈಮರೆವು. ಆದರೆ ಬಿಚ್ಚಿ ತೋರಿಸಿದುದು ಅವನ ದಿನದಿನದ ಅಭ್ಯಾಸ. ಆ ಅಭ್ಯಾಸವೇ ಅವನನ್ನು ಉಳಿಸಿತು.

ಎರಡನೆಯದು, ಲಕ್ಕಮ್ಮನು ಪ್ರಶ್ನಿಸಿದಳು. ಅವಳು ‘ಹೊಂದಿಕೊಂಡು’ ಹೋಗಲಿಲ್ಲ. ಗಂಡನು ತಂದುದು ಪ್ರಸಾದಕ್ಕೇ ತಾನೆ ಎಂದು ಸುಮ್ಮನಾಗಲಿಲ್ಲ. ಆದರೆ ಅವಳ ಪ್ರಶ್ನೆಯಲ್ಲಿ ಮೂದಲಿಕೆ ಇರಲಿಲ್ಲ ಎಂಬುದನ್ನೂ ನೋಡಬೇಕು. ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನನ್ನು ತಿದ್ದಿದ ಅದೇ ನಾಲಗೆಯಲ್ಲಿ ಗಂಡನ ಹೆಸರನ್ನು ದೇವರ ಹೆಸರಿನೊಡನೆ ಸೇರಿಸಿ ಇಟ್ಟುಕೊಂಡಳು. ತಿದ್ದುವುದೂ ಪ್ರೀತಿಸುವುದೂ ಎರಡು ಬೇರೆ ಕೆಲಸಗಳಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೂರನೆಯದು, ಮಾರಯ್ಯನು ಹಿಂದಕ್ಕೆ ನಡೆದನು. ಇದು ಮೂರರಲ್ಲಿ ಕಷ್ಟವಾದುದೆಂದು ನಮಗೆ ತೋರುತ್ತದೆ. ತಂದ ದಾರಿಯಲ್ಲಿಯೇ ಆ ಗಂಟನ್ನು ಹೊತ್ತು ಮರಳುವಾಗ ದಾರಿಯ ಜನ ನೋಡಿದ್ದಾರು, ‘ಹೆಂಡತಿಯ ಮಾತು ಕೇಳಿದ’ ಎಂದು ನಕ್ಕಿದ್ದಾರು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಯಕವನ್ನೇ ಕೈಲಾಸವೆಂದು ಕಂಡ ಆ ಶರಣನಿಗೆ ಹೆಂಡತಿಯ ಬಾಯಿಂದ ಬಂದ ಅರಿವೂ ಗುರುವಿನ ಬಾಯಿಂದ ಬಂದ ಅರಿವೂ ಒಂದೇ ಆಗಿತ್ತು.

ಇದೊಂದೇ ದೃಷ್ಟಾಂತವಲ್ಲ. ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಬಾಳಿದ ಮೋಳಿಗೆಯ ಮಾರಯ್ಯನು ಐಕ್ಯದ ಬಯಕೆಯಿಂದ ಬೇರೆಲ್ಲಿಯೋ ಕೈಲಾಸವನ್ನು ಅರಸಿದಾಗ, ಕೂಡಬೇಕಾದ ವಸ್ತು ಹೊರಗಿಲ್ಲವೆಂದು ತಿಳಿಹೇಳಿದವಳು ಮಡದಿ ಮಹಾದೇವಿಯೇ. ಈ ಎರಡು ದಂಪತಿಗಳ ಸಂವಾದಗಳೂ ಶೂನ್ಯಸಂಪಾದನೆಯಲ್ಲಿ ಪ್ರತ್ಯೇಕ ಸಂಪಾದನೆಗಳಾಗಿ ಬಂದಿವೆ. ಆ ಮಹಾಗ್ರಂಥವನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಗೂಳೂರು ಸಿದ್ಧವೀರಣ್ಣೊಡೆಯರು ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯವರು. ಅಲ್ಲಮಪ್ರಭುಗಳ ಗಹನವಾದ ಸಂವಾದಗಳ ನಡುವೆ, ಗಂಡಹೆಂಡಿರು ಒಂದು ಹಿಡಿ ಅಕ್ಕಿಯನ್ನು ಕುರಿತು ಆಡಿದ ಮಾತಿಗೂ ಅಲ್ಲಿ ಒಂದು ಸ್ಥಾನವಿದೆ. ಮನೆಯ ಒಲೆಯ ಮುಂದೆ ನಡೆಯುವ ಮಾತೂ ಅನುಭಾವವೇ ಆದೀತೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನು ಬೋಧಿಸಿದನು. ನಮ್ಮಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗ. ಲಿಂಗವನ್ನು ಹಂಚಿಕೊಂಡವರು ಲೆಕ್ಕವನ್ನು ಹಂಚಿಕೊಳ್ಳಬಾರದೆಂದರೆ ಅದಾವ ನ್ಯಾಯ?

ಇಷ್ಟನ್ನು ಹೇಳಿ ನಾವು ಆ ಯುವದಂಪತಿಗಳಿಗೆ ಒಂದು ನೇಮವನ್ನು ಕೊಟ್ಟೆವು. ಸಂಜೆ ಇಬ್ಬರೂ ಮನೆಗೆ ಬಂದ ಮೇಲೆ, ಲಿಂಗಪೂಜೆಯಾಗಿ ಪ್ರಸಾದಕ್ಕೆ ಕುಳಿತುಕೊಳ್ಳುವುದಕ್ಕೆ ಮುಂಚೆ, ಫೋನುಗಳನ್ನು ಬದಿಗಿಟ್ಟು, ಆ ದಿನ ತಾವು ತಂದುದನ್ನೂ ಕೊಟ್ಟುದನ್ನೂ ಒಬ್ಬರ ಮುಂದೆ ಒಬ್ಬರು ಬಿಚ್ಚಿಡತಕ್ಕದ್ದು. ಹಣವೊಂದನ್ನೇ ಅಲ್ಲ, ಮನಸ್ಸಿಗೆ ತಗುಲಿದ ಮಾತನ್ನೂ, ತಲೆನೋವನ್ನೂ! ಅದರ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಇದು ಎಲ್ಲಿಂದ ಬಂದಿತು? ಇದು ಯಾರಿಗಾಗಿ? ನಮಗೆ ಎಷ್ಟು ಸಾಕು? ಮೊದಲನೆಯ ಪ್ರಶ್ನೆಯಿಂದ ಕಾಯಕವು ಶುದ್ಧವಾಗುತ್ತದೆ. ಎರಡನೆಯದರಿಂದ ಪ್ರೀತಿಯು ಊಹೆಯ ಮೇಲೆ ನಿಲ್ಲದೆ ಮಾತಿನ ಮೇಲೆ ನಿಲ್ಲುತ್ತದೆ. ಮೂರನೆಯದರಿಂದ ದಾಸೋಹಕ್ಕೆ ಜಾಗವಾಗುತ್ತದೆ.

ಯುವಕನು, “ದಿನವೂ ಹೆಂಡತಿಗೆ ಲೆಕ್ಕ ಒಪ್ಪಿಸಬೇಕೇ ಬುದ್ಧಿ?” ಎಂದು ಕೇಳಿದನು. ಕೇಳಬೇಕಾದ ಪ್ರಶ್ನೆಯೇ. ಲೆಕ್ಕ ಒಪ್ಪಿಸುವುದು ಬೇರೆ, ಬಿಚ್ಚಿಡುವುದು ಬೇರೆ. ಆಳು ಒಡೆಯನಿಗೆ ಲೆಕ್ಕ ಒಪ್ಪಿಸುತ್ತಾನೆ. ಅಲ್ಲಿ ಒಬ್ಬನು ಕೇಳುವವನು, ಒಬ್ಬನು ನಡುಗುವವನು. ಬಿಚ್ಚಿಡುವುದು ಸರಿಸಮರು ಮಾಡುವ ಕೆಲಸ. ಗಂಡನು ಹೆಂಡತಿಯ ಚೀಲವನ್ನು ತಡಕಿದರೂ, ಹೆಂಡತಿಯು ಗಂಡನ ಫೋನನ್ನು ಕದ್ದು ನೋಡಿದರೂ ಅದು ಬಿಚ್ಚಿಡುವುದಾಗದು, ಕಾವಲಾಗುತ್ತದೆ. ಕಾವಲಿರುವ ಮನೆಯಲ್ಲಿ ಕಳ್ಳತನ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ತಾನಾಗಿ ಬಿಚ್ಚಬೇಕು, ಬಿಚ್ಚಿದವರನ್ನು ಹಂಗಿಸಬಾರದು. ಈ ಎರಡೂ ಇದ್ದರೆ ನೇಮ ನಡೆದೀತು.

ಅನಂತರ ನಾವು ಹಿರಿಯರ ಕಡೆಗೆ ತಿರುಗಿದೆವು. ಏಕೆಂದರೆ ಈ ಗಂಟುಗಳನ್ನು ಕಟ್ಟಿದವರು ಆ ಮಕ್ಕಳು ಮಾತ್ರವೇ ಆಗಿರಲಿಲ್ಲ. ಹುಡುಗನ ತಂದೆ ಮಗನಿಗೆ, “ಹೆಂಗಸರಿಗೆ ಸಾಲಸೋಲದ ಮಾತೇಕೆ?” ಎಂದಿದ್ದರು. ಹುಡುಗಿಯ ತಾಯಿ ಮಗಳಿಗೆ, “ಗಂಡಸರಿಗೆ ಎಲ್ಲವನ್ನೂ ಹೇಳಬಾರದು, ಕೈಯಲ್ಲಿ ನಾಲ್ಕು ಕಾಸು ನಿನ್ನದೇ ಇರಲಿ,” ಎಂದಿದ್ದರು. ಇಬ್ಬರೂ ಅನುಭವದಿಂದಲೇ ಹೇಳಿದ್ದರು. ಆ ತಾಯಿಯ ಮಾತಿನ ಹಿಂದೆ ಅವರು ಉಂಡ ಕಷ್ಟವೂ ಇದ್ದೀತು. ತನ್ನದೆಂಬ ಹಣ ಹೆಣ್ಣುಮಗಳ ಕೈಯಲ್ಲಿರುವುದು ತಪ್ಪೆಂದು ನಾವು ಹೇಳುವವರಲ್ಲ, ಇರಲಿ, ಇರಲೇಬೇಕು. ಆದರೆ ಅದು ಗುಟ್ಟಾಗಿರಬೇಕಾದಂಥ ಮನೆಯನ್ನು ನಾವೇಕೆ ಕಟ್ಟಬೇಕು? ಸೊಸೆಯು ತನ್ನ ತಮ್ಮನ ಶುಲ್ಕವನ್ನು ಕಟ್ಟುತ್ತೇನೆಂದು ಬಾಯಿಬಿಟ್ಟು ಹೇಳಬಲ್ಲ ಮನೆ ನಮ್ಮದಾಗಿದ್ದರೆ ಅವಳಿಗೆ ಮುಚ್ಚುವ ಕಾರಣವೇ ಇರುತ್ತಿರಲಿಲ್ಲ. ಈ ಮಾತನ್ನು ಕೇಳಿ ಗುಬ್ಬಿಯ ಆ ಹಿರಿಯರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಕಡೆಗೆ ನೋಡಿ, “ನಿನ್ನ ತಮ್ಮ ಯಾವ ಓದು ಓದುತ್ತಿದ್ದಾನಮ್ಮ?” ಎಂದು ಕೇಳಿದರು. ಮೂರು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

‘ನಮಗೆ ಎಷ್ಟು ಸಾಕು?’ ಎಂಬ ಪ್ರಶ್ನೆಯು ಬಡತನವನ್ನು ಹೊಗಳುವುದಕ್ಕಾಗಿ ಇರುವುದಲ್ಲ. ಮನೆ ಬೇಡ, ನಿವೇಶನ ಬೇಡ ಎಂದು ಶರಣರು ಹೇಳಲಿಲ್ಲ. ಸಾಕೆಂಬುದು ಎಲ್ಲಿ ತಿಳಿಯುತ್ತದೆಯೋ ಅಲ್ಲಿಂದ ಮುಂದಿನದು ಲೋಕಕ್ಕೆ ಹರಿಯುತ್ತದೆ. ನಮ್ಮ ಕಣ್ಣೆದುರಿಗೇ ಇದಕ್ಕೆ ನಿದರ್ಶನಗಳುಂಟು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರದಿಂದ ಏಳಿಗೆ ಹೊಂದಿದ ಗುಬ್ಬಿ ತೋಟದಪ್ಪನವರು (1838–1910) ತಮ್ಮ ಗಳಿಕೆಯನ್ನು ಪ್ರಯಾಣಿಕರ ಛತ್ರಕ್ಕೂ ವಿದ್ಯಾರ್ಥಿಗಳ ವಸತಿಗೂ ಮುಡಿಪಾಗಿಟ್ಟರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಆ ಛತ್ರವಿದೆ. ಗುಬ್ಬಿಯ ಕಡೆಯ ಈ ನಮ್ಮ ಯುವಕನು ದಿನವೂ ಇಳಿಯುವ ನಿಲ್ದಾಣವೂ ಅದೇ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ವಸತಿಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನು ನೀವು ಕಣ್ಣಾರೆ ಕಂಡವರು. ಆ ಒಲೆಗೆ ಅಕ್ಕಿ, ರಾಗಿ, ತೆಂಗಿನಕಾಯಿಗಳು ಎಲ್ಲಿಂದ ಬಂದವು? ಸುತ್ತಣ ಹಳ್ಳಿಗಳ ಗೃಹಸ್ಥರ ಮನೆಗಳಿಂದಲೂ ಬಂದವಲ್ಲವೆ? ಅಂಥ ಒಂದೊಂದು ಮನೆಯಲ್ಲಿಯೂ ಗಂಡಹೆಂಡಿರು ಕುಳಿತು, ‘ನಮಗೆ ಇಷ್ಟು ಸಾಕು, ಇದು ಅಲ್ಲಿಗೆ’ ಎಂದು ಒಂದು ಸಂಜೆ ಮಾತನಾಡಿಕೊಂಡಿರಬೇಕು. ಲಕ್ಕಮ್ಮನ ಪ್ರಶ್ನೆ ಆ ಮನೆಗಳಲ್ಲಿ ಇನ್ನೂ ಕೇಳಿಸುತ್ತಿದೆ.

ಆ ದಂಪತಿಗಳ ವಿಚಾರವಾಗಿ ಇನ್ನು ಸ್ವಲ್ಪ ಹೇಳಬೇಕಾದುದಿದೆ. ಆಕೆಯು ಅಂದೇ ಗಂಡನೊಡನೆ ಹೊರಡಲಿಲ್ಲ. ಒಂದು ವಾರ ಕಾಲಾವಕಾಶ ಕೇಳಿದಳು. ನಾವೂ ಬಲವಂತ ಮಾಡಲಿಲ್ಲ. ಎಂಟನೆಯ ದಿನ ತಾಯಿ ಮತ್ತೊಮ್ಮೆ ಮಡಿಲು ತುಂಬಿ ಕಳುಹಿಸಿದರೆಂದು ತಿಳಿಯಿತು. ಮಹಾಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ಇಬ್ಬರೂ ಬಂದಿದ್ದರು. ಜನರ ನಡುವೆ ನಮ್ಮನ್ನು ಕಂಡು ಮಾತನಾಡಿಸಿದರು. ನಿವೇಶನದ ಆಸೆಯನ್ನು ಸದ್ಯಕ್ಕೆ ಬಿಟ್ಟಿದ್ದರು. ಮುಂಗಡದ ಹಣ ಪೂರ್ತಿಯಾಗಿ ಹಿಂದಕ್ಕೆ ಬರಲಿಲ್ಲ, ಸ್ವಲ್ಪ ನಷ್ಟವಾಯಿತು. ಹಿಂದಕ್ಕೆ ನಡೆಯುವುದಕ್ಕೆ ಬೆಲೆ ತೆರಬೇಕಾಗುತ್ತದೆ; ಅದನ್ನು ಅವರು ಇಬ್ಬರೂ ಸೇರಿ ತೆತ್ತರು. ಸಾಲದ ಕಂತನ್ನು ಈಗ ಇಬ್ಬರ ಸಂಬಳದಿಂದ ಕಟ್ಟುತ್ತಾರೆ. ತಮ್ಮನ ಶುಲ್ಕವನ್ನು ಮೈದುನನ ಶುಲ್ಕವೆಂದು ಭಾವನೇ ಕಾಲೇಜಿಗೆ ಹೋಗಿ ಕಟ್ಟಿ ಬಂದನಂತೆ.

“ಜಗಳ ನಿಂತಿತೇನಪ್ಪ?” ಎಂದು ಕೇಳಿದೆವು.

“ನಿಂತಿಲ್ಲ ಬುದ್ಧಿ,” ಎಂದು ಅವನು ನಕ್ಕನು. “ಆದರೆ ಈಗ ಯಾವುದಕ್ಕೆ ಜಗಳ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.”

ಇದಕ್ಕಿಂತ ಹೆಚ್ಚಿನ ಪವಾಡವನ್ನು ನಾವು ನಿಮಗೆ ಹೇಳಲಾರೆವು. ಜಗಳವೇ ಇಲ್ಲದ ಸಂಸಾರವನ್ನು ಶರಣರೂ ಹೇಳಲಿಲ್ಲ. ಮಾರಯ್ಯ ಲಕ್ಕಮ್ಮರದೂ ಒಂದು ವಾಗ್ವಾದವೇ ಅಲ್ಲವೆ? ಬಯಲಿನಲ್ಲಿ ಆಡಿದ ವಾಗ್ವಾದ ಬೆಳಕಾಯಿತು.

ಆದುದರಿಂದ, ಸದ್ಭಕ್ತರೇ, ಇಂದು ಸಂಜೆ ನಿಮ್ಮ ಮನೆಗಳಲ್ಲಿ ಪ್ರಸಾದಕ್ಕೆ ಕುಳಿತುಕೊಳ್ಳುವ ಮುನ್ನ ಬಚ್ಚಿಟ್ಟ ಒಂದು ಗಂಟನ್ನಾದರೂ ಬಿಚ್ಚಿರಿ. ಅದು ಸಾಲದ್ದಿರಲಿ, ಆಸೆಯದ್ದಿರಲಿ, ನೋವಿನದ್ದಿರಲಿ. ಎದುರಿಗಿರುವವರು ಕೇಳುವುದನ್ನು ಕೇಳಿರಿ. ಹಿಂದಕ್ಕೆ ನಡೆಯಬೇಕಾಗಿ ಬಂದರೆ ನಡೆಯಿರಿ. ಹಿರಿಯರಾದವರು ಮಕ್ಕಳಿಗೆ ಮುಚ್ಚುವ ಜಾಣ್ಮೆಯನ್ನು ಕಲಿಸದೆ ಬಿಚ್ಚುವ ಧೈರ್ಯವನ್ನು ಕಲಿಸಿರಿ. ನಾವೂ ಇನ್ನು ಮುಂದೆ ‘ಹೊಂದಿಕೊಂಡು ಹೋಗು ತಾಯಿ’ ಎನ್ನುವುದಕ್ಕೆ ಮುಂಚೆ ‘ಹೇಳು ತಾಯಿ’ ಎನ್ನುವುದಾಗಿ ನೇಮ ಮಾಡಿಕೊಂಡಿದ್ದೇವೆ. ಬಿಚ್ಚಬೇಕಾದ ಗಂಟು ಬಿಚ್ಚಿದ ಮನೆಯಲ್ಲಿ ಬಿಚ್ಚಬಾರದ ಗಂಟು ತಾನಾಗಿಯೇ ಗಟ್ಟಿಯಾಗುತ್ತದೆ.